ಯಾರೂ ಇಲ್ಲದ ದ್ವೀಪ ಎಲ್ಲಿದೆ?

ಒಂದು ಚಿತ್ರ ನಮಗೆಲ್ಲ ಬಾಯಿಪಾಠವಾಗಿಬಿಟ್ಟಿದೆ. ಹಾಲಿನಂಥ ಮರಳು, ಕಡಲಿನತ್ತ ಬಾಗಿದ ಒಂಟಿ ತೆಂಗಿನಮರ, ತಳ ಕಾಣುವ ತಿಳಿನೀಲಿ ನೀರು. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ, ಟ್ರಾವೆಲ್ ಏಜೆನ್ಸಿಯ ಗೋಡೆಯಲ್ಲಿ, ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿ ಅದು ಇದ್ದೇ ಇದೆ. ಆ ಚಿತ್ರದಲ್ಲಿ ಮನುಷ್ಯರಿರುವುದಿಲ್ಲ. ಇದ್ದರೂ ಹೊರಗಿನಿಂದ ಬಂದ ಒಂದು ಜೋಡಿ ಇರುತ್ತದೆ. ಆ ಮರದ ಕಾಯಿ ಕೀಳುವವರು, ಬಲೆ ಹೆಣೆಯುವವರು, ಮಳೆಯಲ್ಲಿ ಶಾಲೆಗೆ ಓಡುವ ಮಕ್ಕಳು ಯಾರೂ ಅದರೊಳಗೆ ಕಾಣುವುದಿಲ್ಲ. ಅವರಿಲ್ಲದ್ದರಿಂದಲೇ ಅದು ಸುಂದರವಾಗಿದೆ ಎಂದು ನಂಬುವಷ್ಟರ ಮಟ್ಟಿಗೆ ನಮ್ಮ ಕಣ್ಣು ಪಳಗಿದೆ.

ಈ ಚಿತ್ರಕ್ಕೆ ನಮ್ಮ ಕಾಲದಲ್ಲಿ ಗಟ್ಟಿಯಾದ ಕಥೆಯ ರೂಪ ಕೊಟ್ಟದ್ದು 2000ದಲ್ಲಿ ತೆರೆಕಂಡ 'ದಿ ಬೀಚ್' ಎಂಬ ಇಂಗ್ಲಿಷ್ ಸಿನಿಮಾ. ಅಲೆಕ್ಸ್ ಗಾರ್ಲ್ಯಾಂಡ್ 1996ರಲ್ಲಿ ಬರೆದ ಕಾದಂಬರಿಯನ್ನು ಡ್ಯಾನಿ ಬಾಯ್ಲ್ ತೆರೆಗೆ ತಂದರು. 'ಟೈಟಾನಿಕ್'ನಿಂದ ಮನೆಮಾತಾಗಿದ್ದ ಲಿಯೊನಾರ್ಡೊ ಡಿಕಾಪ್ರಿಯೊ ಅದರ ನಾಯಕ. ಇತ್ತೀಚೆಗೆ ನಾವು ಈ ಚಿತ್ರವನ್ನು ಮತ್ತೆ ನೋಡಿದೆವು. ಕಾರಣ ಎರಡು. ಚಿತ್ರದಷ್ಟೇ ಅರ್ಥಪೂರ್ಣವಾದ ಇನ್ನೊಂದು ಕಥೆ ಅದನ್ನು ಚಿತ್ರೀಕರಿಸಿದ ಕಡಲತೀರದಲ್ಲಿ ನಡೆದುಹೋಗಿದೆ. ಜೊತೆಗೆ, ಅದೇ ಖಾಲಿ ದ್ವೀಪದ ಚಿತ್ರ ಈಗ ನಮ್ಮ ಮಂಗಳೂರಿನ ಎದುರಿನ ಕಡಲಿಗೂ ಬಂದು ನಿಂತಿದೆ.

ಚಿತ್ರದ ಕಥೆ ಸರಳ. ರಿಚರ್ಡ್ ಎಂಬ ಅಮೆರಿಕನ್ ಯುವಕ ಬೆನ್ನಿಗೊಂದು ಚೀಲ ಹೊತ್ತು ಬ್ಯಾಂಕಾಕಿಗೆ ಬರುತ್ತಾನೆ. ಎಲ್ಲ ಪ್ರವಾಸಿಗರೂ ಹೋಗುವ ಜಾಗ ಅವನಿಗೆ ಬೇಡ. ಅಗ್ಗದ ವಸತಿಗೃಹದ ಪಕ್ಕದ ಕೋಣೆಯಲ್ಲಿದ್ದವನೊಬ್ಬ ರಹಸ್ಯ ದ್ವೀಪವೊಂದರ ನಕ್ಷೆ ಬಿಟ್ಟು ಪ್ರಾಣ ಕಳೆದುಕೊಳ್ಳುತ್ತಾನೆ. ಫ್ರೆಂಚ್ ಜೋಡಿಯೊಂದರೊಡನೆ ರಿಚರ್ಡ್ ಅಲ್ಲಿಗೆ ಈಜಿಕೊಂಡು ಹೋಗುತ್ತಾನೆ, ಕಾಡು ಹಾಯುತ್ತಾನೆ, ಜಲಪಾತದಿಂದ ಧುಮುಕುತ್ತಾನೆ. ಕೊನೆಗೆ ಬೆಟ್ಟಗಳು ಸುತ್ತುವರಿದ ಒಂದು ಕೊಲ್ಲಿ ಸಿಗುತ್ತದೆ. ಅಲ್ಲಿ ಪಾಶ್ಚಾತ್ಯ ಯುವಕ ಯುವತಿಯರ ಒಂದು ಗುಂಪು ಸ್ಯಾಲ್ ಎಂಬ ಹೆಂಗಸಿನ ನಾಯಕತ್ವದಲ್ಲಿ ಲೋಕದ ಕಣ್ಣು ತಪ್ಪಿಸಿ ಬದುಕುತ್ತಿದೆ. ಮೀನು ಹಿಡಿಯುವುದು, ಈಜುವುದು, ಆಡುವುದು. ಒಂದೇ ಕಟ್ಟಳೆ: ಈ ಜಾಗದ ಗುಟ್ಟು ಹೊರಗೆ ಹೋಗಬಾರದು.

ಚಿತ್ರದ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇವೆ. ಅದು ಈ ಗುಂಪನ್ನು ಕುರುಡಾಗಿ ಹೊಗಳುವುದಿಲ್ಲ. ಶಾರ್ಕ್ ಮೀನಿನ ದಾಳಿಗೆ ಸಿಕ್ಕು ಗುಂಪಿನ ಒಬ್ಬ ಸಾಯುತ್ತಾನೆ, ಇನ್ನೊಬ್ಬ ಕಾಲು ಹರಿದು ನರಳುತ್ತ ಬೀಳುತ್ತಾನೆ. ವೈದ್ಯರನ್ನು ದ್ವೀಪಕ್ಕೆ ಕರೆತಂದರೆ ಗುಟ್ಟು ರಟ್ಟಾಗುತ್ತದೆ. ಅವನ ನರಳಾಟ ಉಳಿದವರ ಸಂತೋಷಕ್ಕೆ ಭಂಗ ತರುತ್ತದೆ. ಹಾಗಾಗಿ ಅವನನ್ನು ಹೊತ್ತೊಯ್ದು ಕಾಡಿನೊಳಗೆ ಒಂದು ಗುಡಾರದಲ್ಲಿ ಮಲಗಿಸಿ ಬರುತ್ತಾರೆ. ದನಿ ಕೇಳದಷ್ಟು ದೂರಕ್ಕೆ ಅವನು ಹೋದ ಮೇಲೆ ಮತ್ತೆ ಆಟ ಶುರುವಾಗುತ್ತದೆ. ಇಡೀ ಚಿತ್ರದಲ್ಲಿ ನಮ್ಮನ್ನು ಕಲಕುವ ಭಾಗವಿದು. ನೋವನ್ನು ಕಣ್ಣಿಂದಾಚೆ ಸಾಗಿಸಿ ಕಟ್ಟಿಕೊಂಡ ಸ್ವರ್ಗ ಎಂಥದ್ದು ಎಂದು ಚಿತ್ರ ಇಲ್ಲಿ ನೇರವಾಗಿಯೇ ಕೇಳುತ್ತದೆ.

ಆದರೆ ಚಿತ್ರ ಈ ಪ್ರಶ್ನೆಯನ್ನು ತನಗೇ ಕೇಳಿಕೊಳ್ಳುವುದಿಲ್ಲ. ಅದೂ ಕೆಲವರನ್ನು ಕಣ್ಣಿಂದಾಚೆ ಸಾಗಿಸಿದೆ. ಆ ದ್ವೀಪ ಥಾಯ್ಲೆಂಡಿನದು, ಆದರೂ ಕಥೆಯಲ್ಲಿ ಥಾಯ್ ಜನರಿಗೆ ಇರುವ ಪಾತ್ರವೇನು? ದ್ವೀಪದ ಮತ್ತೊಂದು ಬದಿಯಲ್ಲಿ ಗಾಂಜಾ ಬೆಳೆಯುವ ಕೆಲವು ರೈತರು ಬಂದೂಕು ಹಿಡಿದು ಕಾವಲು ನಿಂತಿದ್ದಾರೆ. ಅಷ್ಟೇ. ಪಾಶ್ಚಾತ್ಯರ ಹಾಡಿ ಸ್ವರ್ಗ, ಸ್ಥಳೀಯರ ತೋಟ ಅಪಾಯದ ತಾಣ. ಒಂದು ದೃಶ್ಯದಲ್ಲಿ ಆ ರೈತರ ಮುಖಂಡನಿಗೆ ಮಾತಾಡಲು ಅವಕಾಶ ಸಿಗುತ್ತದೆ. ತಾನೊಬ್ಬ ರೈತ, ದುಡಿದು ಮನೆಗೆ ಹಣ ಕಳಿಸುವವನು, ಜನ ಬರುತ್ತಲೇ ಇದ್ದರೆ ತನ್ನ ಬದುಕಿಗೆ ಕುತ್ತು ಎಂಬ ಅರ್ಥದ ನಾಲ್ಕು ಮಾತು ಹೇಳುತ್ತಾನೆ. ಇಡೀ ಚಿತ್ರದಲ್ಲಿ ದುಡಿಮೆಯ ಬಗ್ಗೆ ಇಷ್ಟು ನೇರವಾಗಿ ಮಾತಾಡುವವನು ಅವನೊಬ್ಬನೇ. ಆದರೆ ಚಿತ್ರ ಅವನ ಕೈಗೆ ಮೊದಲೇ ಬಂದೂಕು ಕೊಟ್ಟಿದೆ. ಹಾಗಾಗಿ ಅವನ ಮಾತು ಪ್ರೇಕ್ಷಕನಿಗೆ ಬೆದರಿಕೆಯಾಗಿ ಮಾತ್ರ ಕೇಳಿಸುತ್ತದೆ.

ಇನ್ನೊಂದು ಸಣ್ಣ ಸಂಗತಿ ಗಮನಿಸಿ. ಲೋಕದ ಹಂಗೇ ಬೇಡವೆಂದ ಈ ಗುಂಪಿಗೆ ಅಕ್ಕಿ ಬೇಕು. ಅಕ್ಕಿ ಮುಗಿದಾಗ ಸ್ಯಾಲ್ ಮತ್ತು ರಿಚರ್ಡ್ ಪ್ರವಾಸಿಗರಿಂದ ಗಿಜಿಗುಡುವ ಇನ್ನೊಂದು ದ್ವೀಪಕ್ಕೆ ಹೋಗಿ ಮೂಟೆ ಕೊಂಡು ತರುತ್ತಾರೆ. ಅಲ್ಲಿಯ ಪ್ರವಾಸಿಗರನ್ನು ಕಂಡು ರಿಚರ್ಡನಿಗೆ ಹೇಸಿಗೆಯಾಗುತ್ತದೆ. ಆ ಅಕ್ಕಿ ಬೆಳೆದವರಾರು, ಮಾರಿದವರಾರು ಎಂಬ ಯೋಚನೆ ಅವನಿಗೂ ಇಲ್ಲ, ಚಿತ್ರಕ್ಕೂ ಇಲ್ಲ. ಡೇನಿಯಲ್ ಡೆಫೋ 1719ರಲ್ಲಿ ರಾಬಿನ್ಸನ್ ಕ್ರೂಸೋನನ್ನು ಒಂಟಿ ದ್ವೀಪಕ್ಕೆ ಇಳಿಸಿದಂದಿನಿಂದ ಈ ಕಥೆ ಹೀಗೆಯೇ ಸಾಗಿದೆ. ದ್ವೀಪ ಬಂದವನದು. ಅಲ್ಲಿ ಮೊದಲೇ ಇದ್ದವನು ಒಂದೋ ಶತ್ರು, ಇಲ್ಲವೇ ಸೇವಕ. ಅವನ ಹೆಸರನ್ನೂ ಬಂದವನೇ ಇಡುತ್ತಾನೆ.

ಈಗ ತೆರೆಯ ಹಿಂದಿನ ಕಥೆಗೆ ಬರೋಣ. ಚಿತ್ರೀಕರಣ ನಡೆದದ್ದು ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯಕ್ಕೆ ಸೇರಿದ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ, 1999ರಲ್ಲಿ. ಅದು 1983ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿದ್ದ ಪ್ರದೇಶ. ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳ ನಡುವೆ ಸುಮಾರು 250 ಮೀಟರ್ ಉದ್ದದ ಮರಳದಂಡೆ. ಪ್ರಕೃತಿ ಕೊಟ್ಟ ಈ ಸೌಂದರ್ಯ ಸಿನಿಮಾದವರಿಗೆ ಸಾಲಲಿಲ್ಲ! ಮರಳಿನ ದಿಬ್ಬಗಳನ್ನು ಯಂತ್ರದಿಂದ ಸಮತಟ್ಟು ಮಾಡಿಸಿದರು. ಅಲ್ಲಿ ಬೆಳೆದಿದ್ದ ಗಿಡಗಂಟಿ ಕಿತ್ತು, ಹೊರಗಿನಿಂದ ತೆಂಗಿನಮರ ತರಿಸಿ ನೆಡಿಸಿದರು. ತೆಂಗಿಲ್ಲದ ಉಷ್ಣವಲಯದ ದ್ವೀಪವನ್ನು ಪ್ರೇಕ್ಷಕ ನಂಬಲಾರ ಎಂಬುದು ಅವರ ಲೆಕ್ಕ. ಕಥೆಯ ಕೊಲ್ಲಿ ನಾಲ್ಕೂ ಕಡೆಯಿಂದ ಮುಚ್ಚಿರಬೇಕು. ನಿಜವಾದ ಮಾಯಾ ಕೊಲ್ಲಿಗೆ ಕಡಲಿನ ಕಡೆ ಬಾಯಿ ಇದೆ. ಅದನ್ನು ಕಂಪ್ಯೂಟರಿನಲ್ಲಿ ಬೆಟ್ಟ ಕೂಡಿಸಿ ಮುಚ್ಚಿದರು.

ಚಿತ್ರ ಮಾಡಿದವರು ತಾವು ಕಸ ತೆಗೆದು ದಂಡೆಯನ್ನು ಮೊದಲಿಗಿಂತ ಚೊಕ್ಕಟವಾಗಿ ಬಿಟ್ಟುಹೋದುದಾಗಿ ವಾದಿಸಿದರು. ಮರಳನ್ನು ಹಿಡಿದಿಟ್ಟಿದ್ದ ಬೇರುಗಳೇ ಹೋದ ಮೇಲೆ ದಂಡೆ ಕೊರೆಯತೊಡಗಿತು ಎಂದು ಸ್ಥಳೀಯರು ಆರೋಪಿಸಿದರು. ಕ್ರಾಬಿಯ ಸ್ಥಳೀಯ ಆಡಳಿತ ಸಂಸ್ಥೆಗಳು ಮತ್ತು ಪರಿಸರವಾದಿಗಳು ಕೋರ್ಟಿಗೆ ಹೋದರು. ವ್ಯಾಜ್ಯ ಎರಡು ದಶಕ ದಾಟಿತು. ಕೊಲ್ಲಿಯನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ಅರಣ್ಯ ಇಲಾಖೆಗೆ ನೀಡಿದ್ದ ಆದೇಶವನ್ನು ಥಾಯ್ಲೆಂಡಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಅಷ್ಟರಲ್ಲಿ ನಾಯಕನಟನ ತಲೆಗೂದಲು ನರೆತಿತ್ತು.

ಆದರೆ ಯಂತ್ರಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ಚಿತ್ರವನ್ನು ನೋಡಿ ಬಂದ ಜನ. ಗುಟ್ಟಿನ ದ್ವೀಪದ ಕಥೆ ಲೋಕಕ್ಕೆಲ್ಲ ಅದರ ವಿಳಾಸ ಹೇಳಿತು. ದಿನಕ್ಕೆ ಐದು ಸಾವಿರದಷ್ಟು ಜನ, ಇನ್ನೂರರಷ್ಟು ದೋಣಿ ಆ ಪುಟ್ಟ ದಂಡೆಗೆ ಬಂದು ಹೋಗತೊಡಗಿದವು. ಹವಳ ಕಲ್ಲಿನಂತೆ ಕಂಡರೂ ಅದು ಜೀವಿಗಳ ಊರು. ಅಕ್ಕಿಕಾಳಿನಂಥ ಮೆದು ಜೀವಿಗಳು ಸಾಲುಸಾಲಾಗಿ ನೆಲೆಸಿ, ತಮ್ಮೊಳಗೆ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡು, ಅದು ಬಿಸಿಲಿನಲ್ಲಿ ತಯಾರಿಸುವ ಆಹಾರ ಹಂಚಿಕೊಂಡು, ಸುಣ್ಣದ ಮನೆ ಕಟ್ಟುತ್ತವೆ. ಗುಂಡುಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ದೋಣಿಯ ಲಂಗರು ಒಮ್ಮೆ ಎಳೆದರೆ ಅಜ್ಜನ ಕಾಲದ ಬೆಳವಣಿಗೆ ಪುಡಿಯಾಗುತ್ತದೆ. ನೀರಿನಲ್ಲಿ ಸಮತೋಲ ಕಲಿಯದ ಡೈವರ್ ಒಬ್ಬನ ಕಾಲಿಗೆ ಕಟ್ಟಿದ ರಬ್ಬರು ರೆಕ್ಕೆ ಸಾಕು, ಕವಲುಹವಳದ ಒಂದು ಪೊದೆ ಮುರಿಯಲು. ಮೈಗೆ ಬಳಿದ ಬಿಸಿಲು ಕ್ರೀಮಿನ ಕೆಲವು ರಾಸಾಯನಿಕಗಳೂ ಹವಳಕ್ಕೆ ಮಾರಕ. 2021ರಲ್ಲಿ ಥಾಯ್ಲೆಂಡ್ ಅಂಥ ಕ್ರೀಮುಗಳನ್ನು ಕಡಲ ಉದ್ಯಾನಗಳಲ್ಲಿ ನಿಷೇಧಿಸಿತು.

2018ರ ಜೂನ್ ತಿಂಗಳಲ್ಲಿ ಮಾಯಾ ಕೊಲ್ಲಿಯನ್ನು ಮುಚ್ಚಲಾಯಿತು. ನಾಲ್ಕು ತಿಂಗಳೆಂದು ಹೇಳಿದ್ದು ಮೂರೂವರೆ ವರ್ಷವಾಯಿತು. ವಿಜ್ಞಾನಿಗಳು ಸಾವಿರಾರು ಹವಳದ ತುಣುಕುಗಳನ್ನು ಮತ್ತೆ ನಾಟಿ ಮಾಡಿದರು. ಕಪ್ಪುತುದಿಯ ರೆಕ್ಕೆಯ ಶಾರ್ಕುಗಳು ಮರಳಿ ಬಂದವು. 2022ರ ಜನವರಿಯಲ್ಲಿ ತೆರೆದಾಗ ನಿಯಮಗಳು ಬೇರೆಯಾಗಿದ್ದವು. ದೋಣಿ ಕೊಲ್ಲಿಯೊಳಗೆ ಬರುವಂತಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ಸರದಿಗೆ ಇಷ್ಟೇ ಜನ. ಈಜುವಂತಿಲ್ಲ. ಚಿತ್ರದಲ್ಲಿ ಶಾರ್ಕ್ ಬಂದು ಮನುಷ್ಯರ ಸ್ವರ್ಗ ಕೆಡಿಸಿತ್ತು. ನಿಜಜೀವನದಲ್ಲಿ ಮನುಷ್ಯರು ಹೊರಗೆ ನಿಂತ ಮೇಲೆ ಶಾರ್ಕುಗಳಿಗೆ ಮನೆ ಮರಳಿ ಸಿಕ್ಕಿತು. ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾವ ವಿಮರ್ಶಕನೂ ಬರೆದಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಹವಳ ಮತ್ತು ಶಾರ್ಕಿನ ಬಗ್ಗೆ ಲೋಕದ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಜನರ ಬಗ್ಗೆ? ಫಿ ಫಿ ಲೇ ಜನವಸತಿಯಿಲ್ಲದ ದ್ವೀಪ ಹೌದು. ಆದರೆ ಅದರ ಗುಹೆಗಳಲ್ಲಿ ಬಿದಿರಿನ ಅಟ್ಟಣಿಗೆ ಕಟ್ಟಿ ಬಾನಾಡಿ ಹಕ್ಕಿಯ ಗೂಡು ಬಿಡಿಸುವವರು ತಲೆಮಾರುಗಳಿಂದ ಬರುತ್ತಿದ್ದಾರೆ. ಪಕ್ಕದ ಫಿ ಫಿ ಡಾನ್‌ನಲ್ಲಿ 1940ರ ದಶಕದ ಕೊನೆಯ ಹೊತ್ತಿಗೆ ನೆಲೆಸಿದವರು ಮುಸ್ಲಿಂ ಮೀನುಗಾರರು. ಮುಂದೆ ಅಲ್ಲಿ ತೆಂಗಿನ ತೋಟ ಎದ್ದಿತು, ಆಮೇಲೆ ತೋಟದ ಜಾಗದಲ್ಲಿ ಹೋಟೆಲು. 2004ರ ಡಿಸೆಂಬರ್ 26ರಂದು ಸುನಾಮಿ ಈ ದ್ವೀಪದ ಸಪೂರ ನಡುವಿನ ಮೇಲೆ ಎರಡೂ ಕಡೆಯಿಂದ ಏರಿ ಬಂತು. ನೂರಾರು ಜನ ಸತ್ತರು. ಅಳಿದುಳಿದವರು ಮತ್ತೆ ಬಂದು ಮನೆ ಕಟ್ಟಿಕೊಂಡರು. 'ಖಾಲಿ' ದ್ವೀಪವನ್ನು ಹುಡುಕಿ ಬಂದವರಿಗೆ ಊಟ ಬಡಿಸಿದವರು, ದೋಣಿ ನಡೆಸಿದವರು, ಬೆಟ್ಟದ ಕಾಲುದಾರಿ ತೋರಿಸಿದವರು ಇಂಥವರೇ. ಫೋಟೋ ತೆಗೆಯುವಾಗ ಮಾತ್ರ ಚೌಕಟ್ಟಿನಿಂದ ತುಸು ಆಚೆ ನಿಲ್ಲಿರಿ ಎಂದು ಹೇಳಿಸಿಕೊಂಡವರೂ ಇವರೇ.

ಇಲ್ಲಿಂದ ನಮ್ಮ ಕಡಲಿಗೆ ಬರುತ್ತೇವೆ. 2024ರ ಜನವರಿಯಲ್ಲಿ ಪ್ರಧಾನಿಗಳು ಲಕ್ಷದ್ವೀಪಕ್ಕೆ ಭೇಟಿ ಕೊಟ್ಟು, ನೀರಿಗಿಳಿದು ಹವಳ ನೋಡಿದ ಚಿತ್ರಗಳನ್ನು ಪ್ರಕಟಿಸಿದರು. ಮಾಲ್ಡೀವ್ಸಿನ ಕೆಲವು ಉಪಮಂತ್ರಿಗಳು ಕೀಳಾಗಿ ಮಾತಾಡಿ ಅಮಾನತಾದರು. 'ಮಾಲ್ಡೀವ್ಸ್ ಬಿಡಿ, ಲಕ್ಷದ್ವೀಪಕ್ಕೆ ನಡೆಯಿರಿ' ಎಂಬ ಕೂಗೆದ್ದಿತು. ಒಂದೇ ವಾರದಲ್ಲಿ ಇಡೀ ದೇಶದ ಮೊಬೈಲುಗಳಲ್ಲಿ ಅದೇ ಒಂಟಿ ತೆಂಗಿನಮರ, ಅದೇ ಖಾಲಿ ಮರಳು. ದೇಶಪ್ರೇಮದ ಹೆಸರಿನಲ್ಲಿ ಬಂದರೂ ಚಿತ್ರ ಮಾತ್ರ 'ದಿ ಬೀಚ್'ನದೇ. ಅದರಲ್ಲಿ ದ್ವೀಪದವರು ಇರಲಿಲ್ಲ.

ಆ ದಿನಗಳಲ್ಲಿ ನಾವು ಮಂಗಳೂರಿನ ಹಳೆ ಬಂದರಿನ ಧಕ್ಕೆಗೆ ಹೋಗಿದ್ದೆವು. ದ್ವೀಪಕ್ಕೆ ಹೊರಟ ಮಂಜಿಗೆ ನೀರುಳ್ಳಿ, ಅಕ್ಕಿ, ಸಿಮೆಂಟು, ಜಲ್ಲಿ ತುಂಬುತ್ತಿದ್ದರು. ಮೂಟೆಯ ಲೆಕ್ಕ ಬರೆಯುತ್ತಿದ್ದ ದ್ವೀಪದ ಹಿರಿಯರೊಬ್ಬರಿಗೆ ಮೊಬೈಲಿನ ಚಿತ್ರ ತೋರಿಸಿ, "ಕಾಕಾ, ಇದು ನಿಮ್ಮ ಕಡೆಯದೇ ಅಲ್ಲವೇ?" ಎಂದು ಕೇಳಿದೆವು. ಕನ್ನಡಕ ಏರಿಸಿ ನೋಡಿದರು. "ಬಂಗಾರಂ ಇರಬೇಕು. ಅಲ್ಲಿ ಮನೆಗಳಿಲ್ಲ. ಆದರೆ ತೋಟಕ್ಕೆ ಅಗತ್ತಿಯವರು ಹೋಗಿಬರುತ್ತಾರೆ ಮೋನೇ, ಮರಗಳಿಗೆಲ್ಲ ಯಜಮಾನರಿದ್ದಾರೆ" ಎಂದರು. ಮತ್ತೆ ಮೂಟೆ ಎಣಿಸತೊಡಗಿದರು. ಅವರಿಗೆ ಅದು ಹೆಚ್ಚು ವಿವರಿಸಬೇಕಾದ ವಿಷಯವಾಗಿರಲಿಲ್ಲ.

ಈ ಧಕ್ಕೆಗೂ ಆ ದ್ವೀಪಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರ ನಂತರ ಬ್ರಿಟಿಷರು ಅವನ್ನು ಮಂಗಳೂರಿನಿಂದಲೇ ಆಳಿದರು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದ ಹೆಂಗಸರು ತೆಂಗಿನ ನಾರು ಹೊಸೆದರು, ಗಂಡಸರು ಅದನ್ನು ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದರು, ಬದಲಿಗೆ ಅಕ್ಕಿ ಒಯ್ದರು. ನಾರಿನ ವ್ಯಾಪಾರದ ಹಕ್ಕು ಸರಕಾರದ್ದೇ, ಬೆಲೆ ಕಟ್ಟುವುದೂ ಅದೇ. 'ದಿ ಬೀಚ್'ನ ಗುಂಪಿಗೆ ಅಕ್ಕಿ ತರುವುದು ಒಂದು ಕಿರಿಕಿರಿಯ ಪ್ರಯಾಣ. ನಮ್ಮ ಎದುರಿನ ದ್ವೀಪದವರಿಗೆ ಅದು ತಲೆಮಾರುಗಳ ಬದುಕು.

ಕೆಲವು ಅಂಕಿಗಳನ್ನು ನೋಡೋಣ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. 36 ದ್ವೀಪಗಳಲ್ಲಿ ಜನವಸತಿ ಇರುವವು 10. 2011ರ ಜನಗಣತಿಯಂತೆ ಅಲ್ಲಿಯವರು 64 ಸಾವಿರಕ್ಕೂ ಹೆಚ್ಚು, ಬಹುತೇಕ ಎಲ್ಲರೂ ಮುಸ್ಲಿಮರು. ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ ಜನ. ಇದು ಖಾಲಿ ಜಾಗವೇ? ಅಲ್ಲಿ ಹೊಳೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುಪದರವಾಗಿ ತೇಲುತ್ತದೆ. ಬಾವಿಯಿಂದ ಅತಿಯಾಗಿ ಎಳೆದರೆ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಕಡಲನೀರನ್ನು ಸಿಹಿಯಾಗಿಸುವ ಘಟಕ ಬಂದದ್ದು ಇದೇ ಕಾರಣಕ್ಕೆ. ಪ್ರವಾಸಿ ಒಮ್ಮೆ ಸ್ನಾನ ಮಾಡುವ ನೀರಿಗೂ ಅಲ್ಲಿ ಲೆಕ್ಕವಿದೆ.

ಹವಳವೆಂದರೆ ಪ್ರವಾಸಿಗೆ ನೋಟ, ದ್ವೀಪದವರಿಗೆ ಅದೇ ಗೋಡೆ ಮತ್ತು ಕಣಜ. ಅಲೆಯನ್ನು ತಡೆಯುವುದು ಅದು. ಕಾಲಡಿಯ ಮರಳೂ ಬಹುಪಾಲು ಅದರ ಪುಡಿಯೇ. ಲಕ್ಷದ್ವೀಪದವರು ಚೂರೆ ಮೀನನ್ನು ದೊಡ್ಡ ಬಲೆಯಲ್ಲಿ ಬಾಚುವುದಿಲ್ಲ, ಗಾಳದ ಕೋಲಿನಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಜೀವಂತ ಸಣ್ಣಮೀನು ಸಿಗುವುದು ಹವಳದ ನಡುವಿನ ತಿಳಿಗಡಲಿನಲ್ಲಿ. 1998, 2010, 2016 ಮತ್ತು 2024ರಲ್ಲಿ ಕಡಲು ಕಾದು ಹವಳ ಬಿಳಿಚಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ 24 ವರ್ಷ ನಡೆದ ಅಧ್ಯಯನ, ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ ಎಂದು ತೋರಿಸಿತು. ಬಂಗಾರಂ ಬಳಿಯ ಪರಳಿ ಎಂಬ ತುಣುಕುದ್ವೀಪಗಳಲ್ಲಿ ಒಂದು ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ವರದಿಯಾಯಿತು. ಕಡಲು ಕಾಯಲು ಈ ಬಡ ಮೀನುಗಾರರು ಕಾರಣರಲ್ಲ. ವಿಮಾನದಲ್ಲಿ ಹೋಗಿ ಹವಳ ನೋಡಿ ಬರುವ ನಮ್ಮಂಥವರ ಪಾಲು ಅದರಲ್ಲಿ ಹೆಚ್ಚು.

ಮನೆಯವರನ್ನು ಮರೆತು ನಕ್ಷೆ ಬರೆದರೆ ಏನಾಗುತ್ತದೆ ಎಂಬುದನ್ನು 2021ರಲ್ಲಿ ನೋಡಿದೆವು. ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಯೋಜನೆಯ ಹೆಸರಿನಲ್ಲಿ ಜಮೀನು ತೆಗೆದುಕೊಳ್ಳುವ ವಿಶಾಲ ಅಧಿಕಾರವನ್ನು ಆಡಳಿತಕ್ಕೆ ಕೊಡುವಂತಿತ್ತು. ಜೂನ್ 7ರಂದು ದ್ವೀಪದವರು ತಮ್ಮ ತಮ್ಮ ಮನೆಯಂಗಳದಲ್ಲೇ ಕುಳಿತು 12 ಗಂಟೆ ಉಪವಾಸ ಮಾಡಿದರು. ಮನೆಯಂಗಳದಲ್ಲಿ ಕೂರುವುದರಲ್ಲೇ ಒಂದು ಉತ್ತರವಿತ್ತು: ಇಲ್ಲಿ ಮನೆಗಳಿವೆ, ನಾವಿದ್ದೇವೆ.

ಇಲ್ಲಿ ನಮ್ಮ ಸಮುದಾಯದೊಳಗಿನ ಚರ್ಚೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದ್ವೀಪ ಪ್ರವಾಸದ ಮಾತು ಬಂದಾಗ ನಮ್ಮವರ ಟೀಕೆ ಬಹುಪಾಲು ಎರಡೇ ಕಡೆ ನಿಂತುಬಿಡುತ್ತದೆ: ಬಂದವರ ಉಡುಪು ಮತ್ತು ಮದ್ಯ. ಇವು ಸಣ್ಣ ವಿಷಯಗಳೆಂದು ನಾವು ಹೇಳುತ್ತಿಲ್ಲ. ಆತಿಥೇಯರ ಮನೆಯ ರೀತಿನೀತಿಗೆ ಗೌರವ ಕೊಡಬೇಕಾದ್ದು ಅತಿಥಿಯ ಧರ್ಮ. ಆದರೆ ಬಾವಿಯ ನೀರು ಯಾರ ಪಾಲಾಗುತ್ತದೆ, ತೋಟದ ಹಕ್ಕುಪತ್ರ ಯಾರ ಕೈ ಸೇರುತ್ತದೆ, ರೆಸಾರ್ಟಿನಲ್ಲಿ ದ್ವೀಪದ ಹುಡುಗ ಮ್ಯಾನೇಜರನೋ ಕಸಗುಡಿಸುವವನೋ ಎಂದು ಕೇಳುವವರು ಎಷ್ಟು ಮಂದಿ? ಇದಕ್ಕೆ ಎದುರಾಗಿ ಇನ್ನೊಂದು ಗುಂಪು, ಮದ್ಯ ಬೇಡವೆಂದ ಮಾತ್ರಕ್ಕೆ ದ್ವೀಪದವರನ್ನು ಹಿಂದುಳಿದವರೆಂದು ಗೇಲಿ ಮಾಡುತ್ತದೆ. ಒಂದು ಗುಂಪಿಗೆ ದ್ವೀಪದವರು ಧರ್ಮದ ಸಂಕೇತ, ಇನ್ನೊಂದಕ್ಕೆ ಅಡ್ಡಿ. ಎರಡರಲ್ಲೂ ಅವರು ನೀರು ಸೇದುವ, ಸಾಲ ತೀರಿಸುವ ಮನುಷ್ಯರಾಗಿ ಕಾಣುವುದಿಲ್ಲ.

ಪ್ರವಾಸವೇ ಬೇಡ ಎಂಬುದು ನಮ್ಮ ವಾದವಲ್ಲ. ಪ್ರವಾಸಿ ಬಂದರೆ ಅಗತ್ತಿಯ ದೋಣಿಯವನಿಗೂ ಎರಡು ಕಾಸು ಸಿಗಬೇಕು. ದ್ವೀಪದ ಹುಡುಗರು ಡೈವಿಂಗ್ ಕಲಿಸುವ ಗುರುಗಳಾಗಬೇಕು. ಮಾಲ್ಡೀವ್ಸಿನಲ್ಲಿ 1972ರಿಂದ ರೆಸಾರ್ಟುಗಳನ್ನು ಜನರಿಲ್ಲದ ದ್ವೀಪಗಳಲ್ಲೇ ಕಟ್ಟುತ್ತ ಬಂದರು. 2009ರ ಸುಮಾರಿಗೆ ಜನವಸತಿಯ ದ್ವೀಪಗಳಲ್ಲೂ ಸಾಮಾನ್ಯರು ಅತಿಥಿಗೃಹ ನಡೆಸಬಹುದೆಂದಾಯಿತು. ಅದರಿಂದ ಹೊಸ ತೊಡಕುಗಳೂ ಹುಟ್ಟಿದವು. ಆದರೆ ಬಂದವನಿಗೆ ಮನೆಯವರ ಮುಖ ನೋಡುವ ಅವಕಾಶವಾದರೂ ಸಿಕ್ಕಿತು, ಹಣದಲ್ಲಿ ಒಂದು ಪಾಲು ಊರಿನೊಳಗೂ ಉಳಿಯುವಂತಾಯಿತು. ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರಿಗೆ ಪರವಾನಗಿ ಬೇಕು ಎಂಬುದನ್ನು ಹಲವರು ತೊಂದರೆ ಎನ್ನುತ್ತಾರೆ. ನಮಗೆ ಅದು ಬಾಗಿಲು ತಟ್ಟುವ ಕ್ರಮದಂತೆ ಕಾಣುತ್ತದೆ.

'ದಿ ಬೀಚ್' ಕೆಟ್ಟ ಚಿತ್ರವಲ್ಲ, ಅರೆಮನಸ್ಸಿನ ಚಿತ್ರ. ಸ್ವರ್ಗವನ್ನು ಹುಡುಕಿ ಹೊರಟವರೇ ಅದನ್ನು ಕೆಡಿಸುತ್ತಾರೆ ಎಂಬಷ್ಟನ್ನು ಅದು ಕಂಡುಕೊಂಡಿತು. ಆದರೆ ಆ ಸ್ವರ್ಗ ಮೊದಲೇ ಯಾರದೋ ಊರಾಗಿತ್ತು ಎಂಬುದು ಅದಕ್ಕೆ ಕಾಣಲಿಲ್ಲ. ಅದಕ್ಕಾಗಿಯೇ ಅದು ಕೊಲ್ಲಿಯ ಬಾಯಿಗೆ ಸುಳ್ಳು ಬೆಟ್ಟ ಕಟ್ಟಬೇಕಾಯಿತು. ನಿಜವಾದ ಯಾವ ದ್ವೀಪವೂ ಹಾಗೆ ಮುಚ್ಚಿಕೊಂಡಿಲ್ಲ. ಅಲ್ಲಿಗೆ ಅಕ್ಕಿಯ ಮೂಟೆ ಹೋಗುತ್ತದೆ, ಅಲ್ಲಿಂದ ಒಣಮೀನು ಬರುತ್ತದೆ, ಕಾಯಿಲೆ ಬಿದ್ದವರು ದಡದ ಆಸ್ಪತ್ರೆಗೆ ಬರುತ್ತಾರೆ. ಮುಂದಿನ ರಜೆಯಲ್ಲಿ ದ್ವೀಪಕ್ಕೆ ಹೊರಡುವ ಓದುಗರು ಹವಳದ ಚಿತ್ರ ನೋಡಿಯೇ ಹೊರಡಲಿ, ಅಡ್ಡಿಯಿಲ್ಲ. ಇಳಿದ ಮೇಲೆ ಮೊದಲು ಸಿಕ್ಕವರೊಬ್ಬರಲ್ಲಿ, ಈ ಮರ ಯಾರದ್ದು ಎಂದು ಒಮ್ಮೆ ಕೇಳಲಿ.